ಹಿಮಾವೃತ ಆಕಾಶಕಾಯಗಳ ಒಳಸಾಗರಗಳು

ಒಳಸಾಗರ ಎಂದರೆ ಗ್ರಹ ಅಥವಾ ಉಪಗ್ರಹವೊಂದರ ಮಂಜುಗಡ್ಡೆಯ ಹೊರಚಿಪ್ಪಿನ ಅಡಿಯಲ್ಲಿ, ಸೂರ್ಯನ ಬೆಳಕು ಸೋಕದೆ, ದ್ರವರೂಪದಲ್ಲಿಯೇ ಉಳಿದುಬಂದಿರುವ ವಿಶಾಲ ಜಲರಾಶಿ. ಗುರುಗ್ರಹದ ಉಪಗ್ರಹಗಳಾದ ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋಗಳಲ್ಲಿಯೂ ಶನಿಗ್ರಹದ ಉಪಗ್ರಹಗಳಾದ ಎನ್ಸೆಲಾಡಸ್, ಟೈಟನ್, ಮೈಮಾಸ್‌ಗಳಲ್ಲಿಯೂ ಇಂತಹ ಸಾಗರಗಳಿವೆ ಎನ್ನುವುದಕ್ಕೆ ಪುರಾವೆಗಳು ದೊರೆತಿವೆ. ಎಲ್ಲ ಪುರಾವೆಗಳ ಬಲವೂ ಒಂದೇ ಸಮನಲ್ಲ. ಯುರೋಪಾ ಮತ್ತು ಎನ್ಸೆಲಾಡಸ್‌ಗಳ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಬಹುಮಟ್ಟಿಗೆ ಒಮ್ಮತವಿದೆ. ಉಳಿದವುಗಳ ಬಗೆಗೆ ಚರ್ಚೆ ನಡೆಯುತ್ತಲೇ ಇದೆ. ಯುರೋಪಾ ನಮ್ಮ ಚಂದ್ರನಿಗಿಂತ ತುಸು ಚಿಕ್ಕದಾದರೂ ಅದರ ಒಡಲಿನ ನೀರು ಭೂಮಿಯ ಎಲ್ಲ ಸಾಗರಗಳ ನೀರಿನ ಸುಮಾರು ಎರಡರಷ್ಟು ಇರಬಹುದೆಂದು ಅಂದಾಜಿಸಲಾಗಿದೆ.

ಇಂತಹ ಸಾಗರ ಹೇಗೆ ಉಂಟಾಯಿತು ಎಂಬ ಪ್ರಶ್ನೆಗೆ ಉತ್ತರಿಸುವುದು ಅಷ್ಟು ಕಷ್ಟವಲ್ಲ. ಅದು ಇನ್ನೂ ಏಕೆ ಹೆಪ್ಪುಗಟ್ಟಿಲ್ಲ ಎಂಬುದು ನಿಜವಾದ ಸಮಸ್ಯೆ. ಗುರುಗ್ರಹದ ಸುತ್ತಮುತ್ತ ಬಿಸಿಲಿನ ಬಲ ಭೂಮಿಯಲ್ಲಿರುವುದರ ಇಪ್ಪತ್ತೈದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಶನಿಯ ಬಳಿ ಸುಮಾರು ನೂರನೆಯ ಒಂದು ಭಾಗ ಮಾತ್ರ. ಯುರೋಪಾದ ಸಮಭಾಜಕ ಪ್ರದೇಶದಲ್ಲಿಯೇ ಉಷ್ಣತೆ ಸುಮಾರು –೧೬೦ ಡಿಗ್ರಿ ಸೆಲ್ಸಿಯಸ್. ಇಂತಹ ಕಡೆ ಕೋಟ್ಯಂತರ ವರ್ಷಗಳ ಕಾಲ ನೀರು ನೀರಾಗಿಯೇ ಉಳಿಯಬೇಕಾದರೆ ಒಳಗಿನಿಂದ ಕಾವು ಒದಗುತ್ತಿರಬೇಕು.

ಕಲ್ಪನೆಯ ಹಿನ್ನೆಲೆ

ಬಾಹ್ಯಾಕಾಶ ನೌಕೆಗಳು ಗುರುಗ್ರಹವನ್ನು ತಲುಪುವ ಮೊದಲೇ ಈ ವಿಚಾರ ಮೊಳೆತಿತ್ತು. ೧೯೭೧ರಲ್ಲಿ ಅಮೆರಿಕದ ಜಾನ್ ಲೂಯಿಸ್ ಅವರು, ಬಂಡೆಗಳಲ್ಲಿರುವ ವಿಕಿರಣಶೀಲ ಧಾತುಗಳ ಶಾಖವೊಂದರಿಂದಲೇ ದೊಡ್ಡ ಹಿಮಾವೃತ ಉಪಗ್ರಹಗಳ ಒಳಭಾಗ ಕರಗಿರಬಹುದೆಂದು ಲೆಕ್ಕ ಹಾಕಿ ತೋರಿಸಿದರು. ಆಗ ಅದಕ್ಕೆ ಹೆಚ್ಚಿನ ಗಮನ ದೊರೆಯಲಿಲ್ಲ.

೧೯೭೯ರ ಮಾರ್ಚ್ ತಿಂಗಳಲ್ಲಿ ಪರಿಸ್ಥಿತಿ ಬದಲಾಯಿತು. ಸ್ಟಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸೆನ್ ಮತ್ತು ರೇ ರೆನಾಲ್ಡ್ಸ್ ಎಂಬ ಮೂವರು, ಗುರುಗ್ರಹದ ಸೆಳೆತದಿಂದ ಅದರ ಉಪಗ್ರಹವಾದ ಅಯೋದ ಒಡಲು ಸತತವಾಗಿ ಹಿಗ್ಗಿ ಕುಗ್ಗಿ ಕರಗಿರಬೇಕೆಂದು ಬರೆದ ಪ್ರಬಂಧವು ಮಾರ್ಚ್ ೨ರಂದು ಪ್ರಕಟವಾಯಿತು. ಮೂರು ದಿನಗಳ ಬಳಿಕ ವಾಯೇಜರ್ ೧ ನೌಕೆ ಗುರುವಿನ ಬಳಿ ಹಾದುಹೋಯಿತು. ಅದು ಕಳುಹಿಸಿದ ಚಿತ್ರವೊಂದರಲ್ಲಿ ಅಯೋದ ಅಂಚಿನಿಂದ ಮೇಲೆದ್ದ ಜ್ವಾಲಾಮುಖಿಯ ಛತ್ರಿಯನ್ನು ಲಿಂಡಾ ಮೊರಾಬಿಟೊ ಗುರುತಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಭವಿಷ್ಯವಾಣಿಯೊಂದು ಇಷ್ಟು ಬೇಗ ನಿಜವಾದ ಉದಾಹರಣೆಗಳು ವಿರಳ. ಅದೇ ವರ್ಷ ಆ ಮೂವರೂ ಯುರೋಪಾದಲ್ಲಿ ದ್ರವರೂಪದ ನೀರಿದೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. ವಾಯೇಜರ್ ನೌಕೆಗಳ ಚಿತ್ರಗಳಲ್ಲಿ ಯುರೋಪಾ ನುಣುಪಾದ, ಕುಳಿಗಳು ಬಹಳ ಕಡಿಮೆ ಇರುವ, ಕಂದುಗೆಂಪು ಗೀರುಗಳಿಂದ ತುಂಬಿದ ಗೋಳವಾಗಿ ಕಂಡುಬಂದಿತ್ತು. ಉಲ್ಕಾಪಾತದ ಕುಳಿಗಳು ಕಡಿಮೆ ಎಂದರೆ ಮೇಲ್ಮೈ ಹೊಸದೆಂದು ಅರ್ಥ. ಯುರೋಪಾದ ಮೇಲ್ಮೈಯ ಸರಾಸರಿ ವಯಸ್ಸು ನಾಲ್ಕರಿಂದ ಒಂಬತ್ತು ಕೋಟಿ ವರ್ಷಗಳೆಂದು ಈಗ ಅಂದಾಜು ಮಾಡಲಾಗಿದೆ. ಸೌರಮಂಡಲದ ೪೫೦ ಕೋಟಿ ವರ್ಷಗಳ ಮುಂದೆ ಇದು ಅಲ್ಪಕಾಲ.

ಸಾಗರ ರೂಪುಗೊಳ್ಳುವ ಬಗೆ

ಸೂರ್ಯನ ಸುತ್ತ ಗ್ರಹಗಳು ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಮಂಗಳ ಮತ್ತು ಗುರುಗ್ರಹಗಳ ನಡುವಿನ ಒಂದು ಗಡಿಯಿಂದ ಆಚೆಗೆ ನೀರಿನ ಆವಿ ಮಂಜಿನ ಕಣಗಳಾಗಿ ಘನೀಭವಿಸಿತು. ಈ ಗಡಿಗೆ ಹಿಮರೇಖೆ ಎಂದು ಹೆಸರು. ಅದರಾಚೆ ಹುಟ್ಟಿದ ಕಾಯಗಳಲ್ಲಿ ಬಂಡೆಯ ಜೊತೆಗೆ ನೀರ್ಗಲ್ಲೂ ಕಟ್ಟಡದ ಸಾಮಗ್ರಿಯಾಯಿತು. ಆರಂಭದಲ್ಲಿ ಎರಡೂ ಬೆರೆತೇ ಇದ್ದವು. ಅಪ್ಪಳಿಸುತ್ತಿದ್ದ ತುಣುಕುಗಳ ಶಾಖ, ಅಲ್ಯೂಮಿನಿಯಂ-೨೬ ಎಂಬ ಅಲ್ಪಾಯುವಾದ ವಿಕಿರಣಶೀಲ ಧಾತುವಿನ ಶಾಖ (ಇದರ ಅರ್ಧಾಯು ಸುಮಾರು ಏಳು ಲಕ್ಷ ವರ್ಷಗಳು), ಬಳಿಕ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-೪೦ರ ನಿಧಾನವಾದ ಶಾಖ ಇವೆಲ್ಲ ಸೇರಿ ಒಳಗಿನ ಮಂಜನ್ನು ಕರಗಿಸಿದವು. ಭಾರವಾದ ಬಂಡೆ ನಡುವಿಗೆ ಇಳಿದು ತಿರುಳಾಯಿತು. ಹಗುರವಾದ ನೀರು ಮೇಲಕ್ಕೆ ಬಂದಿತು. ಹೊರಗಿನ ಶೂನ್ಯಕ್ಕೆ ಒಡ್ಡಿಕೊಂಡ ನೀರಿನ ಮೇಲ್ಪದರ ಕೂಡಲೇ ಹೆಪ್ಪುಗಟ್ಟಿ ಮುಚ್ಚಳವಾಯಿತು.

ಇಲ್ಲಿ ನೀರಿನ ಒಂದು ವಿಲಕ್ಷಣ ಗುಣ ನೆರವಿಗೆ ಬರುತ್ತದೆ. ಬಹುತೇಕ ವಸ್ತುಗಳು ಘನವಾದಾಗ ಭಾರವಾಗಿ ಮುಳುಗುತ್ತವೆ. ನೀರು ಹೆಪ್ಪುಗಟ್ಟಿದಾಗ ಹಗುರವಾಗಿ ತೇಲುತ್ತದೆ. ಹಾಗಲ್ಲದಿದ್ದರೆ ಮೇಲೆ ಹುಟ್ಟಿದ ಮಂಜುಗಡ್ಡೆಯೆಲ್ಲ ತಳ ಸೇರಿ, ಹೊಸ ನೀರು ಮತ್ತೆ ಮತ್ತೆ ಚಳಿಗೆ ತೆರೆದುಕೊಂಡು, ಸಾಗರವು ತಳದಿಂದ ಮೇಲಕ್ಕೆ ಪೂರ್ತಿ ಗಟ್ಟಿಯಾಗಿಬಿಡುತ್ತಿತ್ತು. ತೇಲುವ ಮಂಜುಗಡ್ಡೆ ಕೆಳಗಿನ ನೀರಿಗೆ ಹೊದಿಕೆಯಾಗುತ್ತದೆ. ಇದನ್ನು ಭೂಮಿಯಲ್ಲಿಯೇ ಕಾಣಬಹುದು: ಅಂಟಾರ್ಕ್ಟಿಕಾದ ವೋಸ್ಟೋಕ್ ಸರೋವರವು ಮೂರೂವರೆ ಕಿಲೋಮೀಟರಿಗಿಂತ ದಪ್ಪವಾದ ಮಂಜುಗಡ್ಡೆಯ ಕೆಳಗೆ ದ್ರವವಾಗಿಯೇ ಉಳಿದಿದೆ. ರಷ್ಯಾದ ತಂಡವು ೨೦೧೨ರ ಫೆಬ್ರುವರಿಯಲ್ಲಿ ಕೊರೆದು ಅದರ ನೀರನ್ನು ಮುಟ್ಟಿತು.

ಹೆಪ್ಪುಗಟ್ಟದೆ ಉಳಿಯುವ ಬಗೆ

ಹೊದಿಕೆ ಎಷ್ಟೇ ದಪ್ಪವಿದ್ದರೂ ಅದು ಕಾವನ್ನು ಹುಟ್ಟಿಸುವುದಿಲ್ಲ. ಕಾವು ಸೋರಿಹೋಗುವುದನ್ನು ತಡಮಾಡುತ್ತದೆ, ಅಷ್ಟೆ. ಮಂಜುಗಡ್ಡೆ ದಪ್ಪವಾದಂತೆ ಅದರ ಮೂಲಕ ಹೊರಹೋಗುವ ಶಾಖ ಕಡಿಮೆಯಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಗುಪ್ತೋಷ್ಣವನ್ನು ಬಿಟ್ಟುಕೊಡುವುದರಿಂದ ಹೆಪ್ಪುಗಟ್ಟುವಿಕೆಯೇ ತನ್ನ ವೇಗಕ್ಕೆ ಸ್ವಲ್ಪ ಕಡಿವಾಣ ಹಾಕಿಕೊಳ್ಳುತ್ತದೆ. ಆದರೂ ಒಳಗಿನಿಂದ ಹೊಸ ಶಾಖ ಬಾರದಿದ್ದರೆ ಅಂತ್ಯ ನಿಶ್ಚಿತ.

ಕಾಯದ ಗಾತ್ರ ಇಲ್ಲಿ ಮುಖ್ಯ. ದೊಡ್ಡ ರಾಗಿಮುದ್ದೆಯ ಹೊರಮೈ ಆರಿದ ಮೇಲೂ ಒಳಗೆ ಸುಡುತ್ತಿರುತ್ತದೆ. ಅದನ್ನೇ ಚಿಕ್ಕ ಉಂಡೆಗಳಾಗಿ ಮುರಿದಿಟ್ಟರೆ ಬೇಗ ತಣ್ಣಗಾಗುತ್ತದೆ. ೫,೨೬೮ ಕಿಲೋಮೀಟರ್ ವ್ಯಾಸದ ಗ್ಯಾನಿಮೀಡ್‌ನಂತಹ ಬೃಹತ್ ಕಾಯಕ್ಕೆ ತಿರುಳಿನ ಬಂಡೆಗಳ ವಿಕಿರಣಶೀಲ ಶಾಖವೇ ಬಹುಮಟ್ಟಿಗೆ ಸಾಕಾಗುತ್ತದೆ. ಕೇವಲ ೫೦೪ ಕಿಲೋಮೀಟರ್ ವ್ಯಾಸದ ಎನ್ಸೆಲಾಡಸ್‌ಗೆ ಅದು ಏನೇನೂ ಸಾಲದು.

ಉಬ್ಬರವಿಳಿತದ ಶಾಖ

ಚಿಕ್ಕ ಕಾಯಗಳನ್ನು ಬೆಚ್ಚಗಿಡುವುದು ಉಬ್ಬರವಿಳಿತ. ಚಂದ್ರನ ಸೆಳೆತದಿಂದ ನಮ್ಮ ಕಡಲು ಏರಿ ಇಳಿಯುವಂತೆ, ಗುರು ಅಥವಾ ಶನಿಯ ಸೆಳೆತದಿಂದ ಉಪಗ್ರಹದ ಇಡೀ ದೇಹವೇ ಒಂದು ದಿಕ್ಕಿನಲ್ಲಿ ಹಿಗ್ಗುತ್ತದೆ. ಕಕ್ಷೆ ಪರಿಪೂರ್ಣ ವೃತ್ತವಾಗಿದ್ದರೆ ಈ ಉಬ್ಬು ಒಂದೇ ಅಳತೆಯಲ್ಲಿ ನಿಂತುಬಿಡುತ್ತಿತ್ತು, ಶಾಖ ಹುಟ್ಟುತ್ತಿರಲಿಲ್ಲ. ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಉಪಗ್ರಹ ಗ್ರಹದ ಹತ್ತಿರ ಬಂದಾಗ ಹೆಚ್ಚು ಹಿಗ್ಗಿ, ದೂರ ಸರಿದಾಗ ಕುಗ್ಗುತ್ತದೆ. ಯುರೋಪಾದಲ್ಲಿ ಇದು ಮೂರೂವರೆ ದಿನಗಳಿಗೊಮ್ಮೆ, ಎನ್ಸೆಲಾಡಸ್‌ನಲ್ಲಿ ಸುಮಾರು ೩೩ ಗಂಟೆಗಳಿಗೊಮ್ಮೆ ನಡೆಯುತ್ತದೆ. ಕಬ್ಬಿಣದ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಾಗಿಸಿ, ಬಾಗಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಇದರ ತತ್ತ್ವ ಯಾವ ವಿದ್ಯಾರ್ಥಿಗಾದರೂ ತಿಳಿಯುತ್ತದೆ.

ಆದರೆ ಇದರಲ್ಲಿಯೇ ಒಂದು ತೊಡಕಿದೆ. ಹೀಗೆ ಶಾಖ ಹುಟ್ಟುತ್ತ ಹೋದಂತೆ ಕಕ್ಷೆ ನಿಧಾನವಾಗಿ ವೃತ್ತಾಕಾರಕ್ಕೆ ತಿರುಗುತ್ತದೆ. ಎಂದರೆ, ಈ ಒಲೆ ಉರಿಯುತ್ತ ಉರಿಯುತ್ತ ತನ್ನ ಸೌದೆಯನ್ನು ತಾನೇ ಮುಗಿಸಿಕೊಳ್ಳುತ್ತದೆ. ಕಕ್ಷೆಯನ್ನು ಮತ್ತೆ ಮತ್ತೆ ದೀರ್ಘವೃತ್ತಕ್ಕೆ ಎಳೆಯುವ ಇನ್ನೊಂದು ಶಕ್ತಿ ಬೇಕು. ಅದನ್ನು ನೆರೆಯ ಉಪಗ್ರಹಗಳು ಒದಗಿಸುತ್ತವೆ. ಗ್ಯಾನಿಮೀಡ್ ಗುರುವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು ಸುತ್ತು, ಅಯೋ ನಾಲ್ಕು ಸುತ್ತು ಮುಗಿಸುತ್ತವೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ವಿವರಿಸಿದ ಈ ತಾಳಬದ್ಧ ಸಂಬಂಧವನ್ನು ಕಕ್ಷಾ ಅನುರಣನೆ ಎನ್ನುತ್ತಾರೆ. ಜೋಕಾಲಿ ತಿರುಗಿ ಬರುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಸಣ್ಣ ನೂಕೂ ದೊಡ್ಡ ತೂಗಾಟವಾಗುವಂತೆ, ಒಂದೇ ಲಯದಲ್ಲಿ ಮರುಕಳಿಸುವ ಸೆಳೆತಗಳು ಕಕ್ಷೆಯನ್ನು ವೃತ್ತವಾಗಲು ಬಿಡುವುದಿಲ್ಲ. ಶನಿಯ ಬಳಿ ಎನ್ಸೆಲಾಡಸ್‌ಗೂ ಡಯೋನಿಗೂ ಇಂತಹುದೇ ೨:೧ರ ಸಂಬಂಧವಿದೆ. ಮೂಲತಃ ಈ ಶಕ್ತಿಯೆಲ್ಲ ಬರುವುದು ಗ್ರಹದ ಸ್ವಂತ ಭ್ರಮಣದಿಂದ. ಗ್ರಹ ಅತಿ ಸೂಕ್ಷ್ಮವಾಗಿ ನಿಧಾನಗೊಳ್ಳುತ್ತದೆ, ಉಪಗ್ರಹಗಳು ಹೊರಕ್ಕೆ ಸರಿಯುತ್ತವೆ. ಟೈಟನ್ ವರ್ಷಕ್ಕೆ ಸುಮಾರು ೧೧ ಸೆಂಟಿಮೀಟರ್‌ಗಳಷ್ಟು ಶನಿಯಿಂದ ದೂರ ಸರಿಯುತ್ತಿದೆ ಎಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಿಂದೆ ಊಹಿಸಿದ್ದಕ್ಕಿಂತ ಇದು ನೂರು ಪಟ್ಟು ಹೆಚ್ಚು. ಹೀಗಾಗಿ ಶನಿಯ ಉಪಗ್ರಹಗಳಿಗೆ ದೊರೆಯುವ ಶಾಖದ ಹಳೆಯ ಲೆಕ್ಕಗಳನ್ನು ತಿದ್ದಬೇಕಾಯಿತು.

ಉಪ್ಪು, ಅಮೋನಿಯಾ ಮತ್ತು ಒತ್ತಡ

ಕಾವಿನ ಜೊತೆಗೆ ನೀರಿನ ಘನೀಭವನ ಬಿಂದುವನ್ನು ಇಳಿಸುವ ಅಂಶಗಳೂ ಇವೆ. ಉಪ್ಪುನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅಮೋನಿಯಾ ಇನ್ನೂ ಪ್ರಬಲ: ಅದು ತಕ್ಕ ಪ್ರಮಾಣದಲ್ಲಿ ಬೆರೆತಾಗ ಸುಮಾರು –೯೭ ಡಿಗ್ರಿಯವರೆಗೂ ಮಿಶ್ರಣ ದ್ರವವಾಗಿರಬಲ್ಲುದು. ನೀರು ಹೆಪ್ಪುಗಟ್ಟುವಾಗ ಇವು ಮಂಜುಗಡ್ಡೆಯಲ್ಲಿ ಸೇರದೆ ಉಳಿದ ನೀರಿನಲ್ಲಿಯೇ ನಿಲ್ಲುವುದರಿಂದ, ಸಾಗರ ಕುಗ್ಗಿದಷ್ಟೂ ಅದರ ಕೊನೆಯ ಪಾಲನ್ನು ಹೆಪ್ಪುಗಟ್ಟಿಸುವುದು ಕಷ್ಟವಾಗುತ್ತದೆ. ಒತ್ತಡದ ಪಾತ್ರವೂ ಇದೆ. ಸುಮಾರು ಎರಡು ಸಾವಿರ ವಾಯುಮಂಡಲಗಳ ಒತ್ತಡದಲ್ಲಿ ಶುದ್ಧ ನೀರು –೨೨ ಡಿಗ್ರಿಯವರೆಗೂ ದ್ರವವಾಗಿರುತ್ತದೆ. ಒತ್ತಡ ಅದನ್ನೂ ಮೀರಿದರೆ ನೀರಿಗಿಂತ ಭಾರವಾದ ಬೇರೆ ಬಗೆಯ ಮಂಜುಗಡ್ಡೆಗಳು ಹುಟ್ಟಿ ತಳ ಸೇರುತ್ತವೆ. ಗ್ಯಾನಿಮೀಡ್‌ನ ಸಾಗರವು ಹೀಗೆ ಮೇಲೊಂದು ಕೆಳಗೊಂದು ಮಂಜಿನ ಪದರಗಳ ನಡುವೆ ಸಿಲುಕಿಕೊಂಡಿರಬಹುದು. ಇದು ಕೇವಲ ರಚನೆಯ ವಿಷಯವಲ್ಲ: ಕೆಳಗಿನ ಪದರವು ನೀರನ್ನು ಬಂಡೆಯಿಂದ ಬೇರ್ಪಡಿಸುವುದರಿಂದ, ಜೀವಕ್ಕೆ ಬೇಕಾದ ಖನಿಜಗಳು ನೀರಿಗೆ ಸೇರುವುದು ದುಸ್ತರವಾಗುತ್ತದೆ. ಯುರೋಪಾ ಮತ್ತು ಎನ್ಸೆಲಾಡಸ್‌ಗಳಲ್ಲಿ ನೀರು ನೇರವಾಗಿ ಬಂಡೆಯನ್ನೇ ಮುಟ್ಟುತ್ತದೆ.

ಯುರೋಪಾದ ಪುರಾವೆ

ಯುರೋಪಾದ ಸಾಗರವನ್ನು ಯಾರೂ ಕಂಡಿಲ್ಲ. ಅದು ಇದೆಯೆಂಬುದಕ್ಕೆ ಅತ್ಯುತ್ತಮ ಸಾಕ್ಷ್ಯ ಕಾಂತಕ್ಷೇತ್ರದ್ದು. ಗುರುಗ್ರಹದ ಕಾಂತಾಕ್ಷವು ಅದರ ಭ್ರಮಣಾಕ್ಷಕ್ಕೆ ಸುಮಾರು ಹತ್ತು ಡಿಗ್ರಿ ಓರೆಯಾಗಿರುವುದರಿಂದ, ಯುರೋಪಾದ ಮೇಲಿನ ಕಾಂತಕ್ಷೇತ್ರ ಸುಮಾರು ಹನ್ನೊಂದು ಗಂಟೆಗಳ ಅವಧಿಯಲ್ಲಿ ಏರುಪೇರಾಗುತ್ತಿರುತ್ತದೆ. ವಿದ್ಯುತ್ತನ್ನು ಹರಿಯಗೊಡುವ ಪದಾರ್ಥದ ಪದರವೊಂದು ಒಳಗಿದ್ದರೆ ಅದರಲ್ಲಿ ವಿದ್ಯುತ್ಪ್ರವಾಹ ಪ್ರೇರಿತವಾಗಿ, ಮೂಲಕ್ಷೇತ್ರಕ್ಕೆ ವಿರುದ್ಧವಾದ ಇನ್ನೊಂದು ಕಾಂತಕ್ಷೇತ್ರ ಹುಟ್ಟಬೇಕು. ಪ್ರೌಢಶಾಲೆಯಲ್ಲಿ ಕಲಿಸುವ ಫ್ಯಾರಡೆಯ ವಿದ್ಯುತ್ಕಾಂತ ಪ್ರೇರಣೆಯೇ ಇದು. ಗೆಲಿಲಿಯೋ ನೌಕೆಯ ಕಾಂತಮಾಪಕದ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಕಿವೆಲ್ಸನ್ ಅವರು ಅಂತಹ ಕ್ಷೇತ್ರವನ್ನು ಗುರುತಿಸಿದರು. ೨೦೦೦ದ ಜನವರಿಯ ಹಾರಾಟದಲ್ಲಿ, ಗುರುವಿನ ಕ್ಷೇತ್ರದ ದಿಕ್ಕು ಬದಲಾದಾಗ ಯುರೋಪಾದ ಕ್ಷೇತ್ರವೂ ತಕ್ಕಂತೆ ಬದಲಾಗಿದ್ದುದು ಕಂಡುಬಂದಿತು. ಗಟ್ಟಿ ಮಂಜುಗಡ್ಡೆ ವಿದ್ಯುತ್ತಿನ ಒಳ್ಳೆಯ ವಾಹಕವಲ್ಲ. ಉಪ್ಪುನೀರು ಒಳ್ಳೆಯ ವಾಹಕ.

ಮಂಜುಗಡ್ಡೆಯ ದಪ್ಪ ೧೫ರಿಂದ ೨೫ ಕಿಲೋಮೀಟರ್, ಅದರ ಕೆಳಗಿನ ಸಾಗರದ ಆಳ ೬೦ರಿಂದ ೧೫೦ ಕಿಲೋಮೀಟರ್ ಎಂಬುದು ಸಾಮಾನ್ಯವಾಗಿ ಉಲ್ಲೇಖಿಸಲಾಗುವ ಅಂದಾಜು. ಒಳಗೆ ಸಾಗರವಿದ್ದರೆ ಯುರೋಪಾದ ಮೇಲ್ಮೈ ಪ್ರತಿ ಸುತ್ತಿನಲ್ಲಿ ಸುಮಾರು ೩೦ ಮೀಟರ್ ಏರಿಳಿಯಬೇಕು. ಪೂರ್ತಿ ಗಟ್ಟಿಯಾಗಿದ್ದರೆ ಒಂದು ಮೀಟರಿನಷ್ಟು ಮಾತ್ರ.

ಎನ್ಸೆಲಾಡಸ್

ಒಳಸಾಗರಗಳ ಅಧ್ಯಯನದಲ್ಲಿ ಎನ್ಸೆಲಾಡಸ್‌ಗೆ ವಿಶೇಷ ಸ್ಥಾನವಿದೆ. ಏಕೆಂದರೆ ಇಲ್ಲಿ ಸಾಗರವೇ ಹೊರಗೆ ಚಿಮ್ಮುತ್ತದೆ. ವಿಲಿಯಂ ಹರ್ಷೆಲ್ ೧೭೮೯ರಲ್ಲಿ ಕಂಡುಹಿಡಿದ ಈ ಪುಟ್ಟ ಉಪಗ್ರಹ ಎರಡು ಶತಮಾನಗಳ ಕಾಲ ಬರಿಯ ಬೆಳ್ಳನೆಯ ಚುಕ್ಕೆಯಾಗಿತ್ತು. ೨೦೦೫ರಲ್ಲಿ ಕ್ಯಾಸಿನಿ ನೌಕೆಯ ಕಾಂತಮಾಪಕವು ಶನಿಯ ಕಾಂತಕ್ಷೇತ್ರ ಎನ್ಸೆಲಾಡಸ್‌ನ ಬಳಿ ಬಾಗುತ್ತಿರುವುದನ್ನು ಗುರುತಿಸಿದ ಮೇಲೆ ಹತ್ತಿರದಿಂದ ನೋಡಲು ನಿರ್ಧರಿಸಲಾಯಿತು. ಆಗ ದಕ್ಷಿಣ ಧ್ರುವದಲ್ಲಿ ಸುಮಾರು ೧೩೦ ಕಿಲೋಮೀಟರ್ ಉದ್ದದ ನಾಲ್ಕು ಬಿರುಕುಗಳೂ ಅವುಗಳಿಂದ ಬಾಹ್ಯಾಕಾಶಕ್ಕೆ ಎಗರುವ ನೀರಾವಿ ಮತ್ತು ಮಂಜಿನ ಕಣಗಳ ಕಾರಂಜಿಗಳೂ ಕಂಡುಬಂದವು. ‘ಹುಲಿಪಟ್ಟೆ’ಗಳೆಂದು ಕರೆಯುವ ಈ ಬಿರುಕುಗಳಿಗೆ ಅಲೆಕ್ಸಾಂಡ್ರಿಯಾ, ಕೈರೋ, ಬಾಗ್ದಾದ್, ಡಮಾಸ್ಕಸ್ ಎಂಬ ಹೆಸರುಗಳಿವೆ. ಎನ್ಸೆಲಾಡಸ್‌ನ ಸ್ಥಳಗಳಿಗೆ ಅರೇಬಿಯನ್ ನೈಟ್ಸ್ ಕಥೆಗಳಿಂದ ಹೆಸರು ಆಯ್ದುಕೊಳ್ಳುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಪದ್ಧತಿ. ಶನಿಯ ‘ಇ’ ಉಂಗುರವು ಈ ಕಾರಂಜಿಯ ಕಣಗಳಿಂದಲೇ ಆದದ್ದು.

ಉಬ್ಬರವಿಳಿತದ ಕೈವಾಡ ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಎನ್ಸೆಲಾಡಸ್ ಶನಿಯಿಂದ ದೂರ ಸರಿದಾಗ ಬಿರುಕುಗಳು ತೆರೆದುಕೊಂಡು ಕಾರಂಜಿ ಪ್ರಖರವಾಗುತ್ತದೆ. ಹತ್ತಿರ ಬಂದಾಗ ಮಂಕಾಗುತ್ತದೆ. ಮೊದಲು, ಸಾಗರವು ದಕ್ಷಿಣ ಧ್ರುವದ ಅಡಿಯಲ್ಲಷ್ಟೇ ಇರಬಹುದೆಂದು ಭಾವಿಸಲಾಗಿತ್ತು. ಉಪಗ್ರಹದ ತೂಗಾಟವನ್ನು ವರ್ಷಗಟ್ಟಲೆಯ ಚಿತ್ರಗಳಿಂದ ಅಳೆದಾಗ ಅದು ೦.೧೨ ಡಿಗ್ರಿ ಎಂದು ತಿಳಿಯಿತು. ಚಿಪ್ಪು ತಿರುಳಿಗೆ ಅಂಟಿಕೊಂಡಿದ್ದರೆ ಇಷ್ಟು ತೂಗಾಡಲು ಸಾಧ್ಯವಿಲ್ಲ. ಹಸಿ ಮೊಟ್ಟೆ ಮತ್ತು ಬೇಯಿಸಿದ ಮೊಟ್ಟೆಗಳನ್ನು ಮೇಜಿನ ಮೇಲೆ ತಿರುಗಿಸಿ ಬಿಟ್ಟರೆ ಅವುಗಳ ಚಲನೆಯಲ್ಲಿ ಕಾಣುವ ವ್ಯತ್ಯಾಸದಂತೆಯೇ ಇದು. ಹೀಗೆ ೨೦೧೫ರಲ್ಲಿ ಸಾಗರವು ಇಡೀ ಗೋಳವನ್ನು ಸುತ್ತುವರಿದಿದೆ ಎಂಬುದು ಖಚಿತವಾಯಿತು.

ಕ್ಯಾಸಿನಿ ಈ ಕಾರಂಜಿಯ ನಡುವೆಯೇ ಹಲವು ಬಾರಿ ಹಾರಿತು. ಅದರ ಉಪಕರಣಗಳು ಈ ಕೆಲಸಕ್ಕೆಂದು ರೂಪಿಸಿದವಲ್ಲ. ಆದರೂ ಅವು ನೀಡಿದ ಫಲ ದೊಡ್ಡದು. ಮಂಜಿನ ಕಣಗಳಲ್ಲಿ ಅಡುಗೆ ಉಪ್ಪು ದೊರೆಯಿತು. ಬಂಡೆಯೊಂದಿಗೆ ಬೆರೆತ ನೀರಿಗೆ ಮಾತ್ರ ಅದು ಸಾಧ್ಯ. ೨೦೧೫ರಲ್ಲಿ ವರದಿಯಾದ ಸಿಲಿಕಾದ ಅತಿಸೂಕ್ಷ್ಮ ಕಣಗಳು, ಸಾಗರದ ತಳದಲ್ಲಿ ೯೦ ಡಿಗ್ರಿಗಿಂತ ಬಿಸಿಯಾದ ನೀರು ಬಂಡೆಯ ಮೂಲಕ ಹಾಯುತ್ತಿರುವುದನ್ನು ಸೂಚಿಸಿದವು. ೨೦೧೭ರಲ್ಲಿ ಆಣ್ವಿಕ ಜಲಜನಕವೂ ೨೦೨೩ರಲ್ಲಿ ಫಾಸ್ಫೇಟ್ ಲವಣಗಳೂ ವರದಿಯಾದವು.

ಶಾಖದ ಲೆಕ್ಕ ಮಾತ್ರ ಬಹುಕಾಲ ಹೊಂದಲಿಲ್ಲ. ದಕ್ಷಿಣ ಧ್ರುವದಿಂದ ನೂರಾರು ಕೋಟಿ ವ್ಯಾಟ್‌ಗಳ ಶಾಖ ಹೊರಬೀಳುತ್ತಿದೆ. ತಿರುಳಿನ ವಿಕಿರಣಶೀಲ ಧಾತುಗಳಿಂದ ಸಿಗುವುದು ಸುಮಾರು ಮೂವತ್ತು ಕೋಟಿ ವ್ಯಾಟ್ ಮಾತ್ರ. ಮಂಜಿನ ಚಿಪ್ಪೊಂದೇ ಹಿಗ್ಗಿ ಕುಗ್ಗಿದರೂ ಉಳಿದ ಪಾಲು ತುಂಬುವುದಿಲ್ಲ. ೨೦೧೭ರಲ್ಲಿ ಗಾಯೆಲ್ ಷೋಬ್ಲೆ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದರು. ಎನ್ಸೆಲಾಡಸ್‌ನ ತಿರುಳು ಗಟ್ಟಿ ಬಂಡೆಯಲ್ಲ. ನೀರು ತುಂಬಿದ ಸಡಿಲವಾದ ಜಲ್ಲಿಯ ರಾಶಿಯಂತಹುದು. ಅದು ಉಬ್ಬರವಿಳಿತಕ್ಕೆ ಸುಲಭವಾಗಿ ನಲುಗಿ ಒಳಗಿನಿಂದಲೇ ಬಿಸಿಯಾಗುತ್ತದೆ, ಆ ಬಿಸಿನೀರು ಬಿಸಿಬುಗ್ಗೆಗಳಾಗಿ ಸಾಗರದ ತಳಕ್ಕೆ ಏರುತ್ತದೆ ಎಂಬುದು ಅವರ ಪ್ರತಿಪಾದನೆ. ಸಿಲಿಕಾ ಕಣಗಳ ಪುರಾವೆಗೂ ಇದು ಹೊಂದುತ್ತದೆ.

ಮೈಮಾಸ್ ಮತ್ತು ಸಾಗರದ ವಯಸ್ಸು

ಎನ್ಸೆಲಾಡಸ್‌ಗಿಂತಲೂ ಚಿಕ್ಕದಾದ, ಸುಮಾರು ೪೦೦ ಕಿಲೋಮೀಟರ್ ವ್ಯಾಸದ ಮೈಮಾಸ್ ಕುಳಿಗಳಿಂದ ತುಂಬಿದ ಹಳೆಯ ಮುಖದ ಉಪಗ್ರಹ. ಬಿರುಕಿಲ್ಲ, ಕಾರಂಜಿಯಿಲ್ಲ. ಇದರಲ್ಲಿ ಸಾಗರವನ್ನು ನಿರೀಕ್ಷಿಸಿದವರು ಕಡಿಮೆ. ಆದರೆ ೨೦೨೪ರಲ್ಲಿ ವ್ಯಾಲೆರಿ ಲೆಯ್ನಿ ಮತ್ತು ಸಂಗಡಿಗರು, ಕ್ಯಾಸಿನಿಯ ಚಿತ್ರಗಳಿಂದ ಮೈಮಾಸ್‌ನ ಕಕ್ಷೆ ಹೇಗೆ ಬದಲಾಗಿದೆಯೆಂದು ಅಳೆದು, ೨೦ರಿಂದ ೩೦ ಕಿಲೋಮೀಟರ್ ದಪ್ಪದ ಚಿಪ್ಪಿನ ಕೆಳಗೆ ಸಾಗರವಿರಬೇಕೆಂದು ತೀರ್ಮಾನಿಸಿದರು. ಅದರ ವಯಸ್ಸು ಎರಡೂವರೆ ಕೋಟಿ ವರ್ಷಗಳಿಗಿಂತ ಕಡಿಮೆ. ಈ ವಾದದ ಹುರುಳು ಸರಳ: ಮೈಮಾಸ್‌ನ ಕಕ್ಷೆ ಇಂದಿಗೂ ಸಾಕಷ್ಟು ದೀರ್ಘವೃತ್ತವಾಗಿದೆ. ಸಾಗರ ಹಳೆಯದಾಗಿದ್ದರೆ ಉಬ್ಬರವಿಳಿತದ ಘರ್ಷಣೆ ಅದನ್ನು ಎಂದೋ ವೃತ್ತಾಕಾರಕ್ಕೆ ತರುತ್ತಿತ್ತು. ಕಕ್ಷೆಯ ಆಕಾರವೇ ಇಲ್ಲಿ ಗಡಿಯಾರ.

ಜೀವಿಗಳ ವಿಚಾರದಲ್ಲಿ ಈ ವಯಸ್ಸಿನ ಪ್ರಶ್ನೆ ನಿರ್ಣಾಯಕ. ೧೯೭೭ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಸಾಗರತಳದ ಬಿಸಿಬುಗ್ಗೆಗಳ ಸುತ್ತ, ಬಿಸಿಲನ್ನು ಅವಲಂಬಿಸದೆ ರಾಸಾಯನಿಕ ಶಕ್ತಿಯಿಂದ ಬದುಕುವ ಜೀವಸಮೂಹಗಳು ಪತ್ತೆಯಾದಂದಿನಿಂದ, ಕತ್ತಲೆಯ ಸಾಗರದಲ್ಲಿ ಜೀವ ಅಸಾಧ್ಯವೆನ್ನುವಂತಿಲ್ಲ. ಎನ್ಸೆಲಾಡಸ್‌ನಲ್ಲಿ ನೀರು, ಲವಣ, ಇಂಗಾಲದ ಸಂಯುಕ್ತಗಳು, ಜಲಜನಕ, ರಂಜಕ ಎಲ್ಲವೂ ಇವೆ. ಆದರೆ ಎಷ್ಟು ಕಾಲದಿಂದ ಇವೆ? ಯುರೋಪಾದ ಸಾಗರ ನೂರಾರು ಕೋಟಿ ವರ್ಷಗಳದ್ದಾಗಿರುವ ಸಂಭವ ಹೆಚ್ಚು. ಎನ್ಸೆಲಾಡಸ್‌ನದು ಸೌರಮಂಡಲದಷ್ಟು ಹಳೆಯದೋ ಅಥವಾ ಹತ್ತಾರು ಕೋಟಿ ವರ್ಷಗಳಷ್ಟು ಈಚಿನದೋ ಎಂಬ ಬಗ್ಗೆ ಒಮ್ಮತವಿಲ್ಲ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಅನ್ಯಲೋಕದ ಸಾಗರದಲ್ಲಿ ಜೀವಿಗಳ ಸುಳಿವು’ ಎಂಬಂತಹ ತಲೆಬರಹಗಳನ್ನು ಓದುವಾಗ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬೇಕು: ಜೀವಕ್ಕೆ ಅನುಕೂಲವಾದ ಪರಿಸ್ಥಿತಿ ಕಂಡುಬಂದಿದೆ, ಜೀವಿ ಎಲ್ಲಿಯೂ ಕಂಡುಬಂದಿಲ್ಲ.

ಇತರ ಕಾಯಗಳು

ಗ್ಯಾನಿಮೀಡ್‌ನ ಧ್ರುವಪ್ರಭೆಯ ಪಟ್ಟಿಗಳು ನಿರೀಕ್ಷೆಗಿಂತ ಕಡಿಮೆ ತೂಗಾಡುವುದನ್ನು ಹಬಲ್ ದೂರದರ್ಶಕದಿಂದ ಗಮನಿಸಿ, ಅದರ ಸಾಗರಕ್ಕೆ ೨೦೧೫ರಲ್ಲಿ ಬಲವಾದ ಪುರಾವೆ ನೀಡಲಾಯಿತು. ಕ್ಯಾಲಿಸ್ಟೋದಲ್ಲಿಯೂ ಪ್ರೇರಿತ ಕಾಂತಕ್ಷೇತ್ರ ಕಂಡುಬಂದಿದೆ. ಶನಿಯ ಸೆಳೆತಕ್ಕೆ ಟೈಟನ್ ಎಷ್ಟು ಮಣಿಯುತ್ತದೆಂದು ಅಳೆದು ೨೦೧೨ರಲ್ಲಿ ಅಲ್ಲಿಯೂ ಸಾಗರವಿದೆಯೆಂದು ಹೇಳಲಾಯಿತು; ಆ ಅಳತೆಯ ಅರ್ಥವಿವರಣೆ ಇಂದಿಗೂ ಚರ್ಚೆಯಲ್ಲಿದೆ. ೨೦೧೫ರ ಜುಲೈ ೧೪ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊವನ್ನು ಹಾದುಹೋದ ಮೇಲೆ, ಯಾವ ದೊಡ್ಡ ಗ್ರಹದ ಉಬ್ಬರವಿಳಿತದ ನೆರವೂ ಇಲ್ಲದ ಆ ಕಾಯದಲ್ಲಿಯೂ ಸಾಗರವಿರಬಹುದೆಂಬ ವಾದ ಹುಟ್ಟಿದೆ. ನೆಪ್ಚೂನ್‌ನ ಟ್ರೈಟನ್ ಇನ್ನೊಂದು ಸಂಭವನೀಯ ಸಾಗರಲೋಕ.

ಅನ್ವೇಷಣೆ

ಇಂಧನ ಮುಗಿದ ನೌಕೆಯೊಂದು ಅಕಸ್ಮಾತ್ತಾಗಿ ಬಿದ್ದು ಭೂಮಿಯ ಸೂಕ್ಷ್ಮಜೀವಿಗಳನ್ನು ಈ ಸಾಗರಗಳಿಗೆ ಒಯ್ಯಬಾರದೆಂಬ ಎಚ್ಚರಿಕೆಯಿಂದ, ಗೆಲಿಲಿಯೋ ನೌಕೆಯನ್ನು ೨೦೦೩ರ ಸೆಪ್ಟೆಂಬರ್ ೨೧ರಂದು ಗುರುಗ್ರಹದೊಳಕ್ಕೂ ಕ್ಯಾಸಿನಿಯನ್ನು ೨೦೧೭ರ ಸೆಪ್ಟೆಂಬರ್ ೧೫ರಂದು ಶನಿಗ್ರಹದೊಳಕ್ಕೂ ಉದ್ದೇಶಪೂರ್ವಕವಾಗಿ ಇಳಿಸಿ ನಾಶಪಡಿಸಲಾಯಿತು. ಯುರೋಪದ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ ೨೦೨೩ರ ಏಪ್ರಿಲ್ ೧೪ರಂದು ಹೊರಟಿದೆ. ಅದು ೨೦೩೧ರಲ್ಲಿ ಗುರುವನ್ನು ತಲುಪಿ ಮುಂದೆ ಗ್ಯಾನಿಮೀಡ್‌ನ ಕಕ್ಷೆಯನ್ನು ಸೇರಬೇಕಾಗಿದೆ. ನಾಸಾದ ಯುರೋಪಾ ಕ್ಲಿಪ್ಪರ್ ನೌಕೆಯನ್ನು ೨೦೨೪ರ ಅಕ್ಟೋಬರ್ ೧೪ರಂದು ಉಡಾಯಿಸಲಾಯಿತು. ೨೦೩೦ರ ಏಪ್ರಿಲ್‌ನಲ್ಲಿ ಅದು ಗುರುವಿನ ಬಳಿ ತಲುಪುವ ನಿರೀಕ್ಷೆಯಿದ್ದು, ಯುರೋಪಾದ ಸಮೀಪ ೪೯ ಬಾರಿ ಹಾದುಹೋಗುವ ಯೋಜನೆಯಿದೆ. ಮಂಜುಗಡ್ಡೆಯನ್ನು ಭೇದಿಸುವ ರೇಡಾರ್, ಕಾಂತಮಾಪಕ, ಧೂಳಿನ ಕಣಗಳ ವಿಶ್ಲೇಷಕ ಮೊದಲಾದ ಉಪಕರಣಗಳನ್ನು ಅದು ಹೊತ್ತಿದೆ. ಚಿಪ್ಪಿನ ದಪ್ಪ, ಸಾಗರದ ಆಳ ಮತ್ತು ಅದರ ಲವಣಾಂಶವನ್ನು ಅಳೆಯುವುದು ಅದರ ಮುಖ್ಯ ಗುರಿಗಳಲ್ಲಿ ಸೇರಿದೆ.